ಬಾಟಲಿಯ ಉಸಿರು

ಸೇಡಂನ ಚಂದಮ್ಮ ಯಾರ ಮನೆಗೆ ಹೋದರೂ ಕೊಟ್ಟ ನೀರನ್ನು ಮೂಸಿ ನೋಡದೆ ಕುಡಿಯುವವಳಲ್ಲ. ಲೋಟ ಮೊದಲು ಮೂಗಿನ ಹತ್ತಿರ ಬರಬೇಕು, ಆಮೇಲೆ ಬೆಳಕಿಗೆ ಹೋಗಬೇಕು, ಎರಡೂ ಆದಮೇಲೆ ಒಂದು ಗುಟುಕು ಬಾಯಲ್ಲಿ ಸುತ್ತಾಡಿ ಕೊನೆಗೆ ಗಂಟಲಿಗೆ ಇಳಿಯಬೇಕು. ತಹಸೀಲ್ದಾರರ ಕಚೇರಿಯಾಗಲಿ, ಬೀಗರ ಪಡಸಾಲೆಯಾಗಲಿ, ಯಾರಿಗೂ ಇದರಲ್ಲಿ ರಿಯಾಯಿತಿಯಿಲ್ಲ. ಮಗಳಿಗೆ ಗಂಡು ನೋಡಲು ಚಿಂಚೋಳಿಗೆ ಹೋದಾಗಲೂ ಹೀಗೇ ಆಯಿತು. ಗಂಡಿನ ತಾಯಿ ಪ್ರೀತಿಯಿಂದ ಶರಬತ್ತು ತಂದಿಟ್ಟರೆ, ಚಂದಮ್ಮ ಅದನ್ನು ಮೂಗಿಗೆ ಹಿಡಿದು, ಹುಬ್ಬು ಗಂಟಿಕ್ಕಿ, "ನಿಂಬಿಕಾಯಿ ನಿನ್ನಿ ಕೊಯ್ದದ್ದೇನ್ರಿ?" ಎಂದು ಕೇಳಿಬಿಟ್ಟಳು. ಆ ತಾಯಿಯ ಮುಖ ಸಣ್ಣದಾಯಿತು. ಮದುವೆ ಹೇಗೋ ನಡೆಯಿತು. ಆದರೆ ಬೀಗಿತ್ತಿ ಇಂದಿಗೂ ಇವಳ ಮುಂದೆ ಲೋಟ ಇಟ್ಟು ಅಡುಗೆಮನೆಗೆ ಓಡಿಬಿಡುತ್ತಾಳೆ.

ಹಾಗೆಂದು ಕೆಟ್ಟ ಹೆಂಗಸಲ್ಲ. ಆಕೆಯ ತವರು ಕಾಗಿಣಾ ದಂಡೆಯದು, ನದಿಯನ್ನು ನೆಚ್ಚಿ ಬದುಕಿದ ಮನೆತನ. ಚಂದಮ್ಮ ಇನ್ನೂ ಲಂಗ ತೊಡುತ್ತಿದ್ದ ಕಾಲದಲ್ಲಿ, ಒಂದು ಮಳೆಗಾಲ, ತಿಳಿಯಾಗಿದ್ದ ಕೊಡದ ನೀರನ್ನೇ ಕುಡಿದು ಅವಳ ತಮ್ಮ ವಾಂತಿಭೇದಿಗೆ ಬಿದ್ದ. ಮತ್ತೆ ಏಳಲಿಲ್ಲ. ಕಣ್ಣಿಗೆ ಚೆನ್ನಾಗಿ ಕಾಣುವುದನ್ನೇ ಮೊದಲು ನಂಬಬಾರದು ಎನ್ನುವುದು ಅಂದಿನಿಂದ ಅವಳಿಗೆ ರಕ್ತಗತವಾಯಿತು. ಸಂತೆಯಲ್ಲಿ ಅವಳು ಬದನೆಕಾಯಿ ಆರಿಸುವುದನ್ನು ನೋಡಬೇಕು. ಕಾಯಿಯ ತೊಟ್ಟನ್ನೂ ನೋಡುತ್ತಾಳೆ, ಮಾರುವವನ ಮುಖವನ್ನೂ ನೋಡುತ್ತಾಳೆ. ತೊಟ್ಟಿನ ಮೇಲೆ ಬಂದಷ್ಟು ನಂಬಿಕೆ ಮುಖದ ಮೇಲೆ ಬರುವುದಿಲ್ಲ.

ಊರಿನವರೆಲ್ಲ ಈ ಗುಣಕ್ಕೆ ಬೈಯುತ್ತಿದ್ದಾಗ, ಇದಕ್ಕೆ ಸಂಬಳ ಕೊಡುತ್ತೇನೆ ಎಂದು ಬಂದವಳು ರಾಧಿಕಾ. ಸ್ಟೇಷನ್ ಕಡೆಯ ಓಣಿಯಲ್ಲಿದ್ದ ಹಳೆಯ ಜೋಳದ ಗೋದಾಮನ್ನು ಬಾಡಿಗೆಗೆ ಹಿಡಿದು, ತರಬೇತಿ ಪಡೆದು, ನೇರಳೆಹಣ್ಣಿನ ರಸ ಬಾಟಲಿಗೆ ತುಂಬುವ ಕಾರ್ಖಾನೆ ಹಾಕಿದ್ದಳು. ಕಾರ್ಖಾನೆ ಎಂದರೆ ಭಾರಿ ಏನಲ್ಲ. ಹಣ್ಣಿನ ತಿರುಳು ತೆಗೆಯುವ ಯಂತ್ರ, ರಸ ಕಾಯಿಸುವ ದೊಡ್ಡ ಹಂಡೆಗಳು, ಬಿಸಿ ಬಾಟಲಿಗಳನ್ನು ಆರಿಸಲು ಶಹಾಬಾದಿ ಫರಸಿಗಲ್ಲಿನ ಉದ್ದನೆಯ ನೀರಿನ ತೊಟ್ಟಿ, ಕೆಲಸಕ್ಕೆ ಬೆರಳೆಣಿಕೆಯ ಹೆಂಗಸರು.

"ಚಂದಕ್ಕಾ, ಊರಾಗ ಎಲ್ಲಾರೂ ನಿಮ್ಮ ಮೂಗಿಗಿ ಬೈತಾರ. ನನಗ ಅದೇ ಮೂಗು ಬೇಕಾಗ್ಯಾದ ನೋಡ್ರಿ," ಎಂದಳು ರಾಧಿಕಾ.

ಇದರಲ್ಲೇನು ಮಸಲತ್ತಿದೆಯೋ ಎಂದು ಚಂದಮ್ಮ ಒಂದು ವಾರ ಯೋಚಿಸಿ ಒಪ್ಪಿಕೊಂಡಳು.

ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಚಿಂಚೋಳಿ ಗುಡ್ಡದ ಕಡೆಯಿಂದ ಅಂಬರಾಯ ಎಂಬವನು ಹಣ್ಣಿನ ಬುಟ್ಟಿಗಳನ್ನು ಟೆಂಪೋದಲ್ಲಿ ತಂದಿಳಿಸಿದರೆ, ಚಂದಮ್ಮ ಪ್ರತಿ ಬುಟ್ಟಿಯ ತಳಕ್ಕೆ ಕೈ ಹಾಕುತ್ತಿದ್ದಳು. ಮೇಲಿನ ಹಣ್ಣು ಮಿಂಚುತ್ತದೆ, ತಳದ ಹಣ್ಣು ನಿಜ ಹೇಳುತ್ತದೆ ಎನ್ನುವುದು ಅವಳ ಲೆಕ್ಕ. ಮಣ್ಣು ಮೆತ್ತಿದ ಒಂದು ಹಣ್ಣು ಸಿಕ್ಕರೂ ಸಾಕು, "ಇದು ಗಿಡದಾಗಿಂದಲ್ಲ, ನೆಲದಾಗಿಂದು ಆರಿಸಿ ತಂದೀದಿ," ಎಂದು ಅಂಬರಾಯನನ್ನು ಹಿಡಿದು ಜಾಡಿಸುತ್ತಿದ್ದಳು. ಮಣ್ಣಿನಲ್ಲಿರುವ ಕೆಲವು ಬೂಷ್ಟಿನ ಬೀಜಗಳು ಕುದಿಸಿದರೂ ಸಾಯುವುದಿಲ್ಲ ಎಂದು ರಾಧಿಕಾ ಹೇಳಿಕೊಟ್ಟಿದ್ದಳು. ಕುದಿಸಿದರೂ ಸಾಯದ ವೈರಿ ಇದ್ದಾನೆ ಎಂದು ಕೇಳಿ ಬೇರೆ ಹೆಂಗಸರು ಬೆರಗಾದರೆ, ಚಂದಮ್ಮ ಮಾತ್ರ ತನಗೆ ಮೊದಲೇ ಗೊತ್ತಿತ್ತು ಎಂಬಂತೆ ತಲೆಯಾಡಿಸಿದಳು.

ರಾಧಿಕಾಳ ಪಾಠ ಸರಳವಾಗಿತ್ತು. ರಸ ಹುಳಿಯಾಗಿರಬೇಕು. ಹುಳಿ ಇದ್ದಲ್ಲಿ ವಿಷ ಮಾಡುವ ಕ್ರಿಮಿಗಳು ಬೆಳೆಯಲಾರವು, ಅದಕ್ಕೇ ನಿಂಬೆಉಪ್ಪು ಬೆರೆಸುವುದು. ಹುಳಿಗೆ ಹೆದರದ ಯೀಸ್ಟು, ಬೂಷ್ಟುಗಳನ್ನು ಕೊಲ್ಲಲು ರಸವನ್ನು ಚೆನ್ನಾಗಿ ಕಾಯಿಸಿ, ಸುಡುವಾಗಲೇ ಬಾಟಲಿಗೆ ತುಂಬಬೇಕು. ತುಂಬಿದ ಕ್ಷಣವೇ ಮುಚ್ಚಳ ತಿರುಗಿಸಿ, ಬಾಟಲಿಯನ್ನು ಮಲಗಿಸಬೇಕು. ಆಗ ಮುಚ್ಚಳದ ಒಳಮೈಗೂ ಬಿಸಿ ತಾಗುತ್ತದೆ. ಆಮೇಲೆ ತೊಟ್ಟಿಯ ನೀರಿನಲ್ಲಿ ನಿಧಾನಕ್ಕೆ ಆರಿಸಬೇಕು. ಇಷ್ಟರ ಮೇಲೆ ಇರಲಿ ಎಂದು, ಕೆಡದಂತೆ ತಡೆಯುವ ಪುಡಿಯನ್ನೂ ಅಳತೆ ಮಾಡಿ ಹಾಕುತ್ತಿದ್ದರು.

ಇಷ್ಟೆಲ್ಲ ಕಲಿತ ಚಂದಮ್ಮ ತನ್ನದೂ ಒಂದನ್ನು ಸೇರಿಸಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

ಅವಳ ತವರಿನಲ್ಲಿ ಉಪ್ಪಿನಕಾಯಿ ಹಾಕಿದ ಮರುದಿನ ನಸುಕಿನಲ್ಲಿ ಮನೆಯ ಹಿರಿಯ ಹೆಂಗಸು ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಲು ಬಿಟ್ಟು, ಮತ್ತೆ ಬಿಗಿಯಾಗಿ ಕಟ್ಟುತ್ತಿದ್ದಳು. ಅದಕ್ಕೆ ಉಸಿರು ಬಿಡಿಸುವುದು ಎನ್ನುತ್ತಿದ್ದರು. ಉಸಿರು ಬಿಡಿಸದ ಭರಣಿ ಹುದುಗೆದ್ದು ಕೆಡುತ್ತದೆ ಎಂದು ಅವ್ವ ಕಿವಿ ಹಿಂಡಿ ಕಲಿಸಿದ್ದಳು. ಉಪ್ಪಿನಕಾಯಿಗೆ ಸಲ್ಲುವುದು ರಸಕ್ಕೆ ಸಲ್ಲದೇ? ರಸ ತುಂಬಿದ ಮರುದಿನ ಚಂದಮ್ಮ ಎಲ್ಲರಿಗಿಂತ ಮೊದಲು ಕಾರ್ಖಾನೆಯ ಬೀಗ ತೆಗೆಯುತ್ತಿದ್ದಳು. ಟ್ರೇಗಳಲ್ಲಿ ಸಾಲಾಗಿ ನಿಂತ ಬಾಟಲಿಗಳ ಮುಚ್ಚಳವನ್ನು ಒಂದೊಂದಾಗಿ ಚೂರೇ ಚೂರು ತಿರುಗಿಸುತ್ತಿದ್ದಳು. ‘ಉಸ್’ ಎಂದು ಸಣ್ಣ ಸದ್ದು ಬರುತ್ತಿತ್ತು. ಬಿಟ್ಟಿತು ಉಸಿರು, ಎಂದುಕೊಂಡು ಮತ್ತೆ ಗಟ್ಟಿಯಾಗಿ ಮುಚ್ಚುತ್ತಿದ್ದಳು. ಉಳಿದವರು ಬಂದು ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕುವಷ್ಟರಲ್ಲಿ ಇವಳ ಕೆಲಸ ಮುಗಿದಿರುತ್ತಿತ್ತು. ಹೇಳಿದರೆ ಕೈಗುಣ ಕದ್ದುಬಿಡುತ್ತಾರೆ ಎನ್ನುವ ಗುಮಾನಿ ಅವಳದು.

ಮೂರು ಹಂಗಾಮು ಒಂದು ಬಾಟಲಿಯೂ ಕೆಡಲಿಲ್ಲ. "ಚಂದಕ್ಕ ಕೈ ಆಡಿಸಿದ ಮಾಲು ಕೆಡಂಗಿಲ್ಲ," ಎಂದು ರಾಧಿಕಾ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಬದುಕಿನುದ್ದಕ್ಕೂ ಬೈಸಿಕೊಂಡ ಹೆಂಗಸಿಗೆ ಆ ಒಂದು ಮಾತು ಎಷ್ಟು ಹಿತವಾಗಿತ್ತೆಂದರೆ, ಅದನ್ನು ಕೇಳಲೆಂದೇ ಅವಳು ಹೊರಗಿನವರು ಬಂದಾಗ ಬಾಗಿಲ ಹತ್ತಿರ ಸುಳಿದಾಡುತ್ತಿದ್ದಳು.

ಈ ವರ್ಷ ಎರಡು ಹೊಸತು ಒಟ್ಟಿಗೆ ಬಂದವು. ಪುಡಿ ಹಾಕದ ರಸವೇ ಬೇಕೆಂದು ಕಲಬುರಗಿಯ ಅಂಗಡಿಗಳವರು ಕೇಳತೊಡಗಿದ್ದರು. "ಹುಳಿ ಬರೋಬ್ಬರಿ ಇದ್ರ, ಬಿಸಿ ಬರೋಬ್ಬರಿ ಇದ್ರ, ಮುಚ್ಚಳ ಗಟ್ಟಿ ಇದ್ರ, ಪುಡಿ ಯಾಕ ಬೇಕು? ಈ ಸಲ ಬಿಟ್ಟೇ ನೋಡೋಣು," ಎಂದಳು ರಾಧಿಕಾ. ಅದೇ ವಾರ ಮುಚ್ಚಳ ಹಾಕುವ ಕೆಲಸಕ್ಕೆ ಚಿತ್ತಾಪುರದಿಂದ ಮೈತ್ರಿ ಎಂಬ ಹುಡುಗಿ ಬಂದಳು. ದಿನಾ ಪ್ಯಾಸೆಂಜರ್ ಗಾಡಿಗೆ ಬಂದು ಹೋಗುವವಳು. ತಂದೆತಾಯಿ ಇಲ್ಲ, ಸಾಕಿದವಳು ಅಜ್ಜಿ. ಕೈ ಚುರುಕು, ಮಾತು ಕಡಿಮೆ.

ಮಾತು ಕಡಿಮೆ ಎಂಬುದೇ ಚಂದಮ್ಮನಿಗೆ ಸಾಕಾಯಿತು. ಇಷ್ಟು ಹೆಂಗಸರು ಹರಟುವಲ್ಲಿ ತುಟಿ ಹೊಲಿದುಕೊಂಡು ಕೂರುವವಳ ಹೊಟ್ಟೆಯಲ್ಲಿ ಏನೋ ಇರಲೇಬೇಕು. ಮೈತ್ರಿ ಬಂದ ಮೊದಲ ದಿನದ ಮಾಲಿಗೆ ಮರುದಿನ ನಸುಕಿನಲ್ಲಿ ಉಸಿರು ಬಿಡಿಸುತ್ತಿರುವಾಗ ಒಂದು ಟ್ರೇಯಲ್ಲಿ ಒಂದು ಖಾನೆ ಖಾಲಿಯಿತ್ತು. ಹಿಂದಿನ ಸಂಜೆ ಆ ಹುಡುಗಿಯ ಚೀಲ ದಪ್ಪಗೆ ಕಂಡದ್ದು ನೆನಪಾಯಿತು. ಆದರೆ ಹೇಳುವುದು ಹೇಗೆ? ನೀವು ನಸುಕಿನಲ್ಲಿ ಟ್ರೇ ಹತ್ತಿರ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಮಾತನ್ನು ನುಂಗಿಕೊಂಡಳು, ಹುಡುಗಿಯ ಮೇಲೆ ಕಣ್ಣಿಟ್ಟಳು.

ಶ್ರಾವಣ ಮುಗಿಯುವ ಹೊತ್ತಿಗೆ ಚಿತ್ತಾಪುರ ಬಸ್‌ಸ್ಟ್ಯಾಂಡಿನ ಅಂಗಡಿಯ ಅಮೀರ್ ಅಲಿ ಫೋನು ಮಾಡಿದ.

"ಮೇಡಂ, ನಿಮ್ಮ ಬಾಟ್ಲಿ ಮುಚ್ಚಳ ಪಟಾಕಿ ಹಾರ್ದಂಗ ಹಾರ್ಲಿಕತ್ತಾವ. ಒಬ್ಬ ಮಾಸ್ತರರ ಬಿಳಿ ಅಂಗಿ ಮ್ಯಾಗ ಎಲ್ಲಾ ಬಿದ್ದದ. ಒಳಗಿಂದು ಹೆಂಡದ ವಾಸ್ನಿ ಹೊಡಿಲಿಕತ್ತದ. ನಾ ಶರಬತ್ತು ಮಾರಾವ, ನನ್ನ ಮಾನ ಉಳಿಸ್ರಿ!"

ಚಂದಮ್ಮ ಮೊದಲು ಅಮೀರ್ ಅಲಿಯನ್ನೇ ಅನುಮಾನಿಸಿದಳು. ಬಿಸಿಲಿಗೆ ಇಟ್ಟಿದ್ದಾನೆ, ಇಲ್ಲವೇ ಬೇರೆ ಏನೋ ತುಂಬಿ ನಮ್ಮ ಹೆಸರು ಹೇಳುತ್ತಿದ್ದಾನೆ ಎಂದಳು. ಆದರೆ ರಾಧಿಕಾ ಪ್ರತಿ ದಿನದ ಮಾಲಿನಿಂದ ಒಂದಿಷ್ಟು ಬಾಟಲಿಗಳನ್ನು ಕಾರ್ಖಾನೆಯಲ್ಲೇ ಎತ್ತಿಡುತ್ತಿದ್ದಳು. ಅವನ್ನು ತೆಗೆದು ನೋಡಿದರೆ ಹೆಚ್ಚಿನವುಗಳಲ್ಲಿ ಗುಳ್ಳೆ ಏಳುತ್ತಿತ್ತು, ಕೆಲವುಗಳ ಕತ್ತಿನಲ್ಲಿ ಬೂದು ಬಣ್ಣದ ಬೂಷ್ಟು ಉಂಗುರ ಕಟ್ಟಿತ್ತು. ಚಂದಮ್ಮ ಒಂದನ್ನು ಮೂಸಿ ಕೆಳಗಿಟ್ಟಳು. ಕೈ ಆಡಿಸಿದ ಮಾಲು ಕೆಡುವುದಿಲ್ಲ ಎಂಬ ಮಾತು ಮುಗಿದುಹೋಗಿತ್ತು.

ಅಲ್ಲಿಂದ ಮುಂದೆ ಅವಳ ಅನುಮಾನಕ್ಕೆ ಊಟ ನಿದ್ದೆ ಇರಲಿಲ್ಲ. ಅಂಬರಾಯ ನೆಲದ ಹಣ್ಣು ತಂದನೇ? ಬಾಟಲಿ ಮಾರಿದವರು ಹಳೆಯದನ್ನು ತೊಳೆದು ಕೊಟ್ಟರೇ? ರಾಧಿಕಾಳೇ ನಿಂಬೆಉಪ್ಪಿನಲ್ಲಿ ಕೈ ಬಿಗಿ ಹಿಡಿದಳೇ? ಒಬ್ಬೊಬ್ಬರನ್ನೂ ಮನಸ್ಸಿನಲ್ಲೇ ಕಟಕಟೆಗೆ ಹತ್ತಿಸಿ ಇಳಿಸಿದಳು. ಅಷ್ಟರಲ್ಲಿ ಕಲಬುರಗಿಯ ಪ್ರಯೋಗಾಲಯಕ್ಕೆ ಕಳಿಸಿದ್ದ ಬಾಟಲಿಗಳ ಫಲಿತಾಂಶ ಬಂತು. ರಾಧಿಕಾ ಎಲ್ಲರನ್ನೂ ತೊಟ್ಟಿಯ ಕಟ್ಟೆಯ ಮೇಲೆ ಕೂರಿಸಿ ಹೇಳಿದಳು.

"ಹುಳಿ ಸರಿ ಅದ ಅಂತ. ಕಾಯಿಸಿದ್ದೂ ಸರಿ ಅದ. ಕಾಯಿಸಿದ ಮ್ಯಾಲ ಹೊರಗಿನ ಗಾಳಿ ಒಳಗ ಹೋಗಿ ಯೀಸ್ಟು ಬೆಳದದ ಅಂತಾರ. ಬಿಸಿ ರಸ ಆರಿದಾಗ ಕುಗ್ಗತದ. ಕುಗ್ಗಿ ಮುಚ್ಚಳ ಒಳಗ ಎಳಕೋತದ. ಅದಕ್ಕ ಮುಚ್ಚಳದ ನಡುಮಧ್ಯ ಸಣ್ಣ ಗುಳಿ ಬೀಳ್ತದ. ಆ ಗುಳಿ ಇರೋತನಕ ಒಳಗ ಏನೂ ಹೋಗಂಗಿಲ್ಲ. ಈಗ ಕೆಟ್ಟ ಬಾಟ್ಲಿ ಹೊದಿಕಿ ಕಿತ್ತು ನೋಡಿದ್ರ ಒಂದಕ್ಕೂ ಗುಳಿ ಇಲ್ಲ. ಹೋದ ವರ್ಷದ ತನಕ ಪುಡಿ ಇತ್ತು, ಏನಾರ ತಪ್ಪು ಆದ್ರೂ ಮುಚ್ಚಿಹೋಗಿರಬೇಕು. ಈ ವರ್ಷ ಪುಡಿ ಇಲ್ಲ."

ಚಂದಮ್ಮ ಇದರಲ್ಲಿ ಅರ್ಧವನ್ನಷ್ಟೇ ಕೇಳಿಸಿಕೊಂಡಳು. ಮುಚ್ಚಳ ಎಂಬ ಮಾತು ಬಂದದ್ದೇ ತಡ, ಅವಳ ಕಣ್ಣು ಮೈತ್ರಿಯ ಮೇಲೆ ನೆಟ್ಟಿತು.

"ಮುಚ್ಚಳ ಹಾಕಾಕಿ ಯಾರು ಇಲ್ಲಿ?" ಎಂದಳು.

"ನಾ ಬರೋಬ್ಬರಿ ಹಾಕೀನ್ರಿ ಚಂದಕ್ಕ," ಎಂದಳು ಮೈತ್ರಿ. ದನಿ ಸಣ್ಣದಾಗಿತ್ತು.

"ಬರೋಬ್ಬರಿ ಹಾಕೀದೇನು? ಹಂಗಾದ್ರ ಹೇಳು, ನೀ ಬಂದ ಮೊದಲ್ನೇ ದಿನದ ಮಾಲಿನಾಗ ಒಂದು ಬಾಟ್ಲಿ ಎಲ್ಲಿ ಹೋಯ್ತು?"

ಮೈತ್ರಿ ತಲೆ ತಗ್ಗಿಸಿದಳು. ಒಂದು ಮಾತೂ ಆಡಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕದ್ದವಳು ಮುಚ್ಚಳವನ್ನೂ ಸಡಿಲ ಬಿಟ್ಟಿರುತ್ತಾಳೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರೂ ಅದನ್ನೇ ಅಂದುಕೊಂಡರು. ಬಾಟಲಿ ಹೋದದ್ದು ಚಂದಮ್ಮನಿಗೆ ಹೇಗೆ ಗೊತ್ತಾಯಿತು ಎಂದು ಕೇಳುವುದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅಂಗಡಿಗಳಿಂದ ಮಾಲೆಲ್ಲ ವಾಪಸು ಬರುತ್ತಿತ್ತು, ರಾಧಿಕಾ ಸೋತುಹೋಗಿದ್ದಳು.

"ನೀ ಸದ್ಯ ಮನ್ಯಾಗ ಇರು ಮೈತ್ರಿ. ನಾನೇ ಹೇಳಿ ಕಳಿಸ್ತೀನಿ," ಎಂದಳು.

ಹಾಗೆ ಹೇಳಿ ಕಳಿಸುತ್ತೇನೆ ಎಂದವರು ಎಂದೂ ಹೇಳಿ ಕಳಿಸುವುದಿಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೈತ್ರಿ ಚೀಲ ಎತ್ತಿಕೊಂಡು ಹೋದಳು.

ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಚಂದಮ್ಮನ ಜಾತಕವೇ ಬೇರೆ. ಹುಡುಗಿ ಯಾಕೆ ಒಂದು ಮಾತೂ ಆಡಲಿಲ್ಲ? ಕದ್ದವರು ಸಾಮಾನ್ಯವಾಗಿ ಬಾಯಿ ಜೋರು ಮಾಡುತ್ತಾರೆ. ಬಾಟಲಿ ಕಣ್ಣಾರೆ ಕಾಣುವವರೆಗೆ ತನ್ನ ಅನುಮಾನವನ್ನೂ ಅವಳು ಪೂರ್ತಿ ನಂಬಲೊಲ್ಲಳು. ಮುಂದಿನ ರವಿವಾರ ಗಾಡಿ ಹತ್ತಿ ಚಿತ್ತಾಪುರದಲ್ಲಿ ಇಳಿದಳು. ಕೇಳುತ್ತಾ ಕೇಳುತ್ತಾ ಸ್ಟೇಷನ್ನಿನಾಚೆಯ ಓಣಿಗೆ ಹೋದಳು.

ತಗಡಿನ ಮಾಡಿನ ಸಣ್ಣ ಮನೆ. ಅಂಗಳವನ್ನು ಚೊಕ್ಕಟವಾಗಿ ಗುಡಿಸಿತ್ತು. ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದ ಮುದುಕಿ ಮೈತ್ರಿಯ ಅಜ್ಜಿ ಹಣಮವ್ವ. ಕಾರ್ಖಾನೆಯಿಂದ ಬಂದವರು ಎಂದು ತಿಳಿದದ್ದೇ ಮುದುಕಿಯ ಮುಖ ಅರಳಿತು.

"ಬರ್ರಿ ಯವ್ವಾ, ಒಳಗ ಕುಂದ್ರಿ. ಮೈತ್ರಿ ವಾಡಿಗಿ ಹೋಗ್ಯಾಳ, ಯಾರೋ ಕೆಲಸ ಅದ ಅಂದಾರಂತ. ಬರೋ ಹೊತ್ತಾತು. ನಿಮ್ಮ ಮೇಡಂ ಕರೀಲಿಕ್ಕಿ ಕಳಿಸ್ಯಾರೇನ್ರಿ?"

ಚಂದಮ್ಮ ಏನೋ ಗೊಣಗಿ ಚಾಪೆಯ ಮೇಲೆ ಕುಳಿತಳು. ಮುದುಕಿ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಚಂದಮ್ಮನ ಕಣ್ಣು ಮನೆಯನ್ನೆಲ್ಲ ತಡಕಾಡುತ್ತಿತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ತಂಬಿಗೆಯನ್ನು ಮೂಗಿನ ಹತ್ತಿರ ಒಯ್ದಿತು. ಮೂಸಿ ತಲೆಯೆತ್ತಿದರೆ, ಹಣಮವ್ವ ಅಲ್ಲೇ ನಿಂತು ನೋಡುತ್ತಿದ್ದಳು. ಅವಳ ಮುಖದ ನಗು ಆರಿಹೋಗಿತ್ತು.

"ನಮ್ಮ ಮನಿ ನೀರು ಮೂಸಿ ಕುಡೀಬೇಕೇನ್ರಿ ಯವ್ವಾ?"

ಚಂದಮ್ಮನಿಗೆ ಒಮ್ಮೆಲೇ ಮೈ ಬಿಸಿಯಾಯಿತು. "ಛೇ, ಹಂಗಲ್ಲ ಆಯಿ! ನಾ ಎಲ್ಲಾರ ಮನ್ಯಾಗೂ ಹಿಂಗೇ. ನಮ್ಮ ಬೀಗರ ಮನ್ಯಾಗೂ ಮೂಸ್ತೀನಿ. ಬೇಕಾದ್ರ ಊರಾಗ ಯಾರಿಗಿ ಬೇಕಾದ್ರೂ ಕೇಳ್ರಿ."

"ಮೂಸ್ತಿರಬೇಕ್ರಿ, ಸುಳ್ಳಂತ ಹೇಳಂಗಿಲ್ಲ ನಾ," ಎಂದಳು ಹಣಮವ್ವ. "ಆದ್ರ ಅವರ ಎದ್ಯಾಗ ಎಲ್ಲಿ ತಾಗ್ತದೋ, ನಮ್ಮ ಎದ್ಯಾಗೂ ಅಲ್ಲೇ ತಾಗ್ತದೇನ್ರಿ?"

ಚಂದಮ್ಮ ತಂಬಿಗೆಯ ನೀರನ್ನೆಲ್ಲ ಗಟಗಟನೆ ಕುಡಿದಳು. ಕುಡಿದರೂ ಆದ ತಪ್ಪು ಅಳಿಸಿಹೋಗಲಿಲ್ಲ. ಖಾಲಿ ತಂಬಿಗೆಯನ್ನು ಇಸಕೊಂಡು ಮುದುಕಿ ಒಳಗೆ ಹೋದಳು.

ಆಗ ಕಂಡಿತು. ಗೋಡೆಯಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ. ಅವುಗಳ ಕೆಳಗಿನ ಹಲಗೆಯ ಮೇಲೆ, ಒಂದು ಸಣ್ಣ ಕೈವಸ್ತ್ರದ ಮೇಲೆ, ನೇರಳೆ ರಸದ ಬಾಟಲಿ. ಮುಚ್ಚಳಕ್ಕೆ ಪ್ಲಾಸ್ಟಿಕ್ ಹೊದಿಕೆ ಇಲ್ಲ, ಮೈಗೆ ಚೀಟಿ ಇಲ್ಲ. ಸಿಕ್ಕಿಬಿದ್ದಳು ಎಂದು ಚಂದಮ್ಮನ ಮನಸ್ಸು ಕುಣಿಯಿತು. ಎದ್ದು ಹೋಗಿ ಬಾಟಲಿಯನ್ನು ಕೈಗೆತ್ತಿಕೊಂಡಳು.

"ಅದು ಕುಡಿಯೋದಲ್ರಿ," ಎಂದಳು ಒಳಗಿನಿಂದಲೇ ಹಣಮವ್ವ. "ನಮ್ಮ ಮೈತ್ರಿ ಮೊದಲ್ನೇ ದಿನ ತನ್ನ ಕೈಲೆ ಮುಚ್ಚಿದ ಬಾಟ್ಲಿ. ನನಗ ತೋರ್ಸಬೇಕಂತ ತಂದ್ಲು. ತಂದಾಗ ಇನ್ನಾ ಬೆಚ್ಚಗ ಇತ್ರಿ. ಕೇಳಿ ತಂದೀದೇನು ಅಂದ್ರ ತಲಿ ಬಗ್ಗಿಸಿದ್ಲು. ಭಾಳ ಬೈದೀನಿ. ಹೊಳ್ಳಿ ಇಟ್ಟು ಬಾ ಅಂದ್ರ, ಕಳ್ಳಿ ಅಂತಾರಂತ ಅಂಜಿದ್ಲು. ಅಲ್ಲೇ ಇಟ್ಟೀನ್ರಿ. ಮೊಮ್ಮಗಳ ಮೊದಲ್ನೇ ದುಡಿಮಿ, ತೆಗೀಲಿಕ್ಕಿ ಮನಸ್ಸಾಗಿಲ್ಲ."

ಚಂದಮ್ಮ ಬಾಟಲಿಯನ್ನು ಬಾಗಿಲ ಬೆಳಕಿಗೆ ಹಿಡಿದಳು. ಗುಳ್ಳೆ ಇರಲಿಲ್ಲ. ಓರೆ ಮಾಡಿದಳು, ಕತ್ತಿನಲ್ಲಿ ಬೂಷ್ಟಿನ ಗೆರೆ ಇರಲಿಲ್ಲ. ರಸ ತುಂಬಿದ ದಿನ ಹೇಗಿತ್ತೋ ಹಾಗೇ ಇತ್ತು. ಹೆಬ್ಬೆರಳನ್ನು ಮುಚ್ಚಳದ ಮೇಲೆ ಆಡಿಸಿದಳು. ನಡುವೆ ಸಣ್ಣ ಗುಳಿ ಬಿದ್ದಿತ್ತು.

ಅವಳ ತಲೆ ಎಂದಿನಂತೆ ಓಡತೊಡಗಿತು. ಹಣ್ಣು ಅದೇ, ಹಂಡೆ ಅದೇ, ತೊಟ್ಟಿ ಅದೇ, ದಿನ ಅದೇ. ಮುಚ್ಚಿದ ಕೈಯೂ ಅದೇ ಮೈತ್ರಿಯದು. ಇದರ ಪಕ್ಕದಲ್ಲಿ ನಿಂತಿದ್ದ ಬಾಟಲಿಗಳೆಲ್ಲ ಹೆಂಡವಾದವು, ಇದೊಂದು ಯಾಕೆ ಆಗಲಿಲ್ಲ? ಇದಕ್ಕೇನು ಬೇರೆಯಾಯಿತು? ಅಂಬರಾಯನಲ್ಲ. ರಾಧಿಕಾ ಅಲ್ಲ. ಈ ಹುಡುಗಿಯಂತೂ ಅಲ್ಲವೇ ಅಲ್ಲ. ಇಷ್ಟು ದಿನ ಕಂಡವರನ್ನೆಲ್ಲ ಕಡಿದು ಬಂದ ಅನುಮಾನದ ಹುಳ, ಇನ್ನು ಯಾರೂ ಉಳಿಯದೆ, ಅವಳ ಕಡೆಗೇ ತಿರುಗಿತು. ಸಂಜೆಯೇ ಚೀಲ ಸೇರಿದ ಈ ಬಾಟಲಿ ಮರುದಿನ ನಸುಕಿನಲ್ಲಿ ಟ್ರೇಯಲ್ಲಿ ಇರಲಿಲ್ಲ. ಇದೊಂದಕ್ಕೆ ಅವಳು ಉಸಿರು ಬಿಡಿಸಿರಲಿಲ್ಲ.

ಗುಳಿ ಇರುವ ತನಕ ಒಳಗೆ ಏನೂ ಹೋಗುವುದಿಲ್ಲ ಎಂದು ರಾಧಿಕಾ ಹೇಳಿದ್ದು ಈಗ ಪೂರ್ತಿ ಕೇಳಿಸಿತು. ಆ ಗುಳಿಯನ್ನು ದಿನಾ ನಸುಕಿನಲ್ಲಿ ತನ್ನ ಕೈಯಾರೆ ಎಬ್ಬಿಸಿದವಳು ಚಂದಮ್ಮ. ‘ಉಸ್’ ಎಂದಾಗ ಬಾಟಲಿ ಉಸಿರು ಬಿಟ್ಟಿರಲಿಲ್ಲ, ಹೊರಗಿನ ಗಾಳಿಯನ್ನು ಎಳೆದುಕೊಂಡಿತ್ತು. ಗಾಳಿಯ ಜೊತೆ ಏನೇನು ಹೋಯಿತೋ. ಮೂರು ವರ್ಷ ಮಾಲನ್ನು ಕಾಪಾಡಿದ್ದು ಅವಳ ಕೈಗುಣವಲ್ಲ, ಆ ಪುಡಿ.

ಸುಳ್ಳು ಯಾಕೆ ಹೇಳಬೇಕು, ಆ ಹೊತ್ತಿನಲ್ಲಿ ಅವಳಿಗೆ ಕೆಟ್ಟ ಯೋಚನೆಯೇ ಬಂತು. ಮುಚ್ಚಳ ಬೆರಳುಗಳ ನಡುವೆಯೇ ಇತ್ತು. ಚೂರೇ ಚೂರು ತಿರುಗಿಸಿದರೆ ಸಾಕು, ಗುಳಿ ಏಳುತ್ತದೆ, ಈ ಬಾಟಲಿಯೂ ಉಳಿದವುಗಳ ಹಾಗೆ ಕೆಡುತ್ತದೆ. ಉಸಿರು ಬಿಡಿಸುವ ಗುಟ್ಟು ಯಾರಿಗೂ ಗೊತ್ತಿಲ್ಲ. ಮುದುಕಿ ಒಳಗಿದ್ದಾಳೆ. ಬೆರಳುಗಳು ತಾವಾಗಿಯೇ ಬಿಗಿಯಾದವು. ಆ ಕೈಯ ಮೇಲೆ ಅವಳಿಗೆ ಹುಟ್ಟಿದಷ್ಟು ಅಪನಂಬಿಕೆ ಅದುವರೆಗೆ ಯಾರ ಮೇಲೂ ಹುಟ್ಟಿರಲಿಲ್ಲ. ಬಾಟಲಿಯನ್ನು ಗಡಬಡಿಸಿ ಹಲಗೆಯ ಮೇಲಿಟ್ಟು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತುಬಿಟ್ಟಳು.

ಬಾಗಿಲಲ್ಲಿ ನೆರಳು ಬಿತ್ತು. ಮೈತ್ರಿ ಬಂದಿದ್ದಳು. ಚಂದಮ್ಮನನ್ನು ನೋಡಿದಳು, ಹಲಗೆಯ ಮೇಲೆ ಸ್ವಲ್ಪ ಸರಿದಿದ್ದ ಬಾಟಲಿಯನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು.

"ತಪ್ಪಾತ್ರಿ ಚಂದಕ್ಕ. ಒಂದೇ ತಂದೀನ್ರಿ. ಬುದ್ಧನಾಣಿ, ಮುಚ್ಚಳ ಮಾತ್ರ ನಾ ಎಂದೂ ಸಡ್ಲ ಹಾಕಿಲ್ರಿ."

"ಗೊತ್ತದ ತಂಗಿ," ಎಂದಳು ಚಂದಮ್ಮ. "ಸಡ್ಲ ಮಾಡಾಕಿ ನಾನೇ."

ಅಜ್ಜಿ-ಮೊಮ್ಮಗಳು ಇಬ್ಬರ ಮುಂದೆಯೂ ಚಂದಮ್ಮ ಎಲ್ಲವನ್ನೂ ಹೇಳಿದಳು. ಉಪ್ಪಿನಕಾಯಿ ಭರಣಿಯಿಂದ ಹಿಡಿದು ನಸುಕಿನ ಬೀಗದವರೆಗೆ ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿಸಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಹಣಮವ್ವ ಅದಕ್ಕೆ ಎಡೆ ಕೊಡಲಿಲ್ಲ.

"ಇಲ್ಲಿ ಹೇಳಿದ್ರ ಏನ್ ಬಂತ್ರಿ? ಎಲ್ಲಿ ಕುಂತು ನನ್ನ ಮೊಮ್ಮಗಳ ಹೆಸರು ಹೇಳೀರಿ, ಅಲ್ಲೇ ಕುಂತು ನಿಮ್ಮ ಹೆಸರು ಹೇಳ್ರಿ."

"ಹೇಳ್ತೀನಿ ಆಯಿ. ಆ ಬಾಟ್ಲಿ ಕೊಡ್ರಿ, ರಾಧಿಕಾಗ ತೋರ್ಸಿ..."

"ನಿಮ್ಮ ಕೈಯಾಗ ಕೊಡಂಗಿಲ್ರಿ," ಎಂದಳು ಮುದುಕಿ. "ನಾನೇ ತರ್ತೀನಿ."

ಮರುದಿನ ಬೆಳಗಿನ ಗಾಡಿಗೆ ಅಜ್ಜಿ, ಮೊಮ್ಮಗಳು ಇಬ್ಬರೂ ಬಂದರು. ಬಾಟಲಿ ಹಣಮವ್ವನ ಸೆರಗಿನಲ್ಲಿ ಸುತ್ತಿಕೊಂಡು ಕಂಕುಳಲ್ಲಿ ಇತ್ತು. ಚಂದಮ್ಮ ಸ್ಟೇಷನ್ನಿಗೇ ಹೋಗಿ ಕಾದಿದ್ದಳು. ಓಣಿಯುದ್ದಕ್ಕೂ ಮುದುಕಿ ಬಾಟಲಿಯನ್ನು ಆಚೆಯ ಮಗ್ಗುಲಿಗೇ ಇಟ್ಟುಕೊಂಡು ನಡೆದಳು.

ತೊಟ್ಟಿಯ ಕಟ್ಟೆಯ ಹತ್ತಿರ ಎಲ್ಲ ಹೆಂಗಸರೂ ಸೇರಿದ ಮೇಲೆ ಚಂದಮ್ಮ ನಿಂತುಕೊಂಡೇ ಹೇಳಿದಳು. "ಈ ಬಾಟ್ಲಿಗಿ ನನ್ನ ಕೈ ಹತ್ತಿಲ್ಲ. ಅದಕ್ಕೇ ಇದು ಕೆಟ್ಟಿಲ್ಲ. ಉಳಿದಾವೆಲ್ಲ ಕೆಡಿಸಾಕಿ ನಾನು." ಆಮೇಲೆ ಹೇಗೆ ಎನ್ನುವುದನ್ನೂ ಹೇಳಿದಳು. ಒಬ್ಬ ಹೆಂಗಸು ಕಿಸಕ್ಕನೆ ನಕ್ಕು, ಯಾರೂ ನಗದ್ದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

ರಾಧಿಕಾ ಹಣಮವ್ವನ ಕೈಯಲ್ಲಿದ್ದ ಬಾಟಲಿಯ ಗುಳಿಯ ಮೇಲೆ ಬೆರಳಾಡಿಸಿದಳು. "ಎಲ್ಲಾ ಬಾಟ್ಲಿ? ಒಂದೂ ಬಿಡ್ದಂಗ?" ಎಂದು ಕೇಳಿದಳು. ಚಂದಮ್ಮ ಹೂಂ ಎಂದಳು. "ನನಗೊಂದು ಮಾತು ಕೇಳ್ಬೇಕಿತ್ತಲ್ಲ ಚಂದಕ್ಕ, ಒಂದೇ ಒಂದು ಮಾತು," ಎಂದಳು ರಾಧಿಕಾ. ಅವಳಿಗೆ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಅಳುವಿತ್ತು. ಆದರೂ ಪರೀಕ್ಷೆ ಮಾಡದೆ ಯಾವುದನ್ನೂ ನಂಬಬಾರದು ಎಂಬುದನ್ನು ಮರೆಯಲಿಲ್ಲ. ಮಂಜುಗಟ್ಟಿಸಿ ಎತ್ತಿಟ್ಟಿದ್ದ ತಿರುಳನ್ನು ಕಾಯಿಸಿ ಹೊಸದಾಗಿ ಬಾಟಲಿಗಳನ್ನು ತುಂಬಿಸಿದಳು. ಎಲ್ಲಕ್ಕೂ ಮೈತ್ರಿಯೇ ಮುಚ್ಚಳ ಹಾಕಿದಳು. ಮರುದಿನ ಅರ್ಧಕ್ಕೆ ಚಂದಮ್ಮನಿಂದ ಉಸಿರು ಬಿಡಿಸಿ, ಅರ್ಧವನ್ನು ಹಾಗೇ ಬಿಟ್ಟು, ಬೆಚ್ಚಗಿನ ಮೂಲೆಯಲ್ಲಿ ಇಟ್ಟಳು. ಕೆಲವು ವಾರ ಕಳೆಯುವಷ್ಟರಲ್ಲಿ ಉಸಿರು ಬಿಡಿಸಿದ ಸಾಲಿನಲ್ಲಿ ಗುಳ್ಳೆ ಎದ್ದವು. ಹಾಗೇ ಬಿಟ್ಟ ಸಾಲು ಕೆಡಲಿಲ್ಲ.

ಚಂದಮ್ಮನನ್ನು ಕೆಲಸದಿಂದ ತೆಗೆಯಲಿಲ್ಲ. ಹಣ್ಣಿನ ಬುಟ್ಟಿಗಳ ಹತ್ತಿರ ಅವಳ ಮೂಗು ಬೇಕೇ ಬೇಕಿತ್ತು. ತೊಟ್ಟಿ ದಾಟಿ ಬಾಟಲಿಗಳ ಕಡೆಗೆ ಬರಕೂಡದು ಎಂದಷ್ಟೇ ಹೇಳಿದರು. ಕಾರ್ಖಾನೆಯ ಬೀಗದ ಕೈ ಮೈತ್ರಿಗೆ ಹೋಯಿತು. ಹಣಮವ್ವನ ಬಾಟಲಿಯನ್ನು ಪ್ರಯೋಗಾಲಯಕ್ಕೆ ಕಳಿಸೋಣ ಎಂದು ರಾಧಿಕಾ ಕೇಳಿದ್ದಳು. ಮುದುಕಿ ಒಪ್ಪಲಿಲ್ಲ. ಅದು ಮುಚ್ಚಿದ್ದು ಮುಚ್ಚಿದ ಹಾಗೇ ಚಿತ್ತಾಪುರದ ಹಲಗೆಗೆ ವಾಪಸು ಹೋಯಿತು.

ಮೈತ್ರಿ ಮತ್ತೆ ಕೆಲಸಕ್ಕೆ ನಿಂತ ದಿನ ಚಂದಮ್ಮ ಮನೆಯಲ್ಲೇ ಚಹಾ ಕುದಿಸಿ, ಶುಂಠಿ ಜಜ್ಜಿ ಹಾಕಿ, ಥರ್ಮಾಸಿನಲ್ಲಿ ತಂದಳು. ಮಧ್ಯಾಹ್ನ ಎಲ್ಲರೂ ಕೈತೊಳೆದು ಕುಳಿತಾಗ ಮೊದಲ ಗ್ಲಾಸನ್ನು ತುಂಬಿ ಮೈತ್ರಿಯ ಮುಂದೆ ಹಿಡಿದಳು.

"ತಗೋ ತಂಗಿ. ನಿನಗಂತೇ ಮಾಡೀನಿ."

ಮೈತ್ರಿ ಗ್ಲಾಸು ಇಸಕೊಂಡಳು. ಚಂದಮ್ಮನ ಮುಖವನ್ನೇ ನೋಡುತ್ತಾ, ನಿಧಾನವಾಗಿ ಅದನ್ನು ಮೂಗಿನ ಹತ್ತಿರ ತಂದು ಮೂಸಿದಳು. ಆಮೇಲೆ ಬೆಳಕಿಗೆ ಹಿಡಿದಳು. ತಮಾಷೆಗೋ, ನಿಜಕ್ಕೋ, ಮುಖದಲ್ಲಿ ನಗು ಇರಲಿಲ್ಲ.

ಅದು ಎದೆಯಲ್ಲಿ ಎಲ್ಲಿ ತಾಗುತ್ತದೆ ಎಂದು ಹಣಮವ್ವ ಕೇಳಿದ್ದಳಲ್ಲ, ಆ ಜಾಗ ಚಂದಮ್ಮನಿಗೆ ಈಗ ತಿಳಿಯಿತು. ಹುಡುಗಿ ಮೊದಲ ಗುಟುಕು ನುಂಗುವವರೆಗೂ ಥರ್ಮಾಸು ಹಿಡಿದು ಅಲ್ಲೇ ನಿಂತಿದ್ದಳು.